ಟೇಕಾಫ್ ಹೊತ್ತಲ್ಲಿ ಎಂಜಿನ್ ಕೆಟ್ಟರೆ ತೀರ್ಮಾನ ಯಾರದು?

ನಾನು ವಿಮಾನ ಹಾರಿಸುವವನು ಅಂತ ಗೊತ್ತಾದರೆ ಸಾಕು, ಮದುವೆಮನೆಯ ಪಂಕ್ತಿಯಲ್ಲೂ ಈ ಪ್ರಶ್ನೆ ಬರುತ್ತದೆ. ಟೇಕಾಫ್ ಆಗುವಾಗ ಏನಾದರೂ ಕೆಟ್ಟರೆ ಏನು ಮಾಡುತ್ತೀರಿ? ಇಬ್ಬರು ಪೈಲಟ್‌ಗಳು ಬೇರೆ ಬೇರೆ ಹೇಳಿದರೆ ಯಾರ ಮಾತು ನಡೆಯುತ್ತದೆ? 2025ರ ಜೂನ್‌ನಲ್ಲಿ ಅಹಮದಾಬಾದ್ ದುರಂತ ಆದ ಮೇಲಂತೂ ಕೇಳುವವರು ಜಾಸ್ತಿ. ಆ ದುರಂತದ ಬಗ್ಗೆ ನಾನು ಊಹೆ ಮಾಡುವುದಿಲ್ಲ. ಅಷ್ಟು ಜೀವ ಹೋಗಿರುವಾಗ ಬಾಯಿಗೆ ಬಂದದ್ದು ಹೇಳುವುದು ಸರಿಯಲ್ಲ. ಕಾಕ್‌ಪಿಟ್‌ನಲ್ಲಿ ಕೆಲಸ ಹೇಗೆ ನಡೆಯುತ್ತದೆ ಅಂತ ಮಾತ್ರ ಹೇಳುತ್ತೇನೆ.

ಚರ್ಚೆಗೆ ಅಲ್ಲಿ ಪುರುಸೊತ್ತೇ ಇರುವುದಿಲ್ಲ. ಗಂಟೆಗೆ 260 ಕಿ.ಮೀ. ವೇಗದಲ್ಲಿ ಓಡುವಾಗ ಸೆಕೆಂಡಿಗೆ 70 ಮೀಟರ್‌ಗಿಂತ ಜಾಸ್ತಿ ರನ್‌ವೇ ಖಾಲಿಯಾಗುತ್ತಿರುತ್ತದೆ. ಅದಕ್ಕೇ ತೀರ್ಮಾನದ ಮುಕ್ಕಾಲು ಪಾಲು ವಿಮಾನ ನಿಂತಿರುವಾಗಲೇ ಆಗಿಬಿಟ್ಟಿರುತ್ತದೆ. ಆ ದಿನದ ತೂಕ, ಬಿಸಿಲು, ಗಾಳಿ, ರನ್‌ವೇ ಉದ್ದ ಎಲ್ಲ ಹಾಕಿ ಒಂದು ವೇಗ ಲೆಕ್ಕ ಮಾಡುತ್ತೇವೆ. ಅದು ವಿ-ಒನ್. ಬೆಂಗಳೂರಿನ 4,000 ಮೀಟರ್ ರನ್‌ವೇಗೂ ಮಂಗಳೂರಿನ ಗುಡ್ಡದ ಮೇಲಿನ 2,450 ಮೀಟರ್ ರನ್‌ವೇಗೂ ಲೆಕ್ಕ ಬೇರೆ. ವಿ-ಒನ್‌ಗೆ ಮುಂಚೆ ಆದರೆ ನಿಲ್ಲಿಸಬಹುದು. ದಾಟಿದ ಮೇಲೆ ಒಂದು ಎಂಜಿನ್ ಹೋದರೂ ಹಾರಲೇಬೇಕು. ಉಳಿದ ಒಂದು ಎಂಜಿನ್ನಿನಲ್ಲಿ ವಿಮಾನ ಏರುತ್ತದೆ.

ಹೊರಡುವ ಮುಂಚೆ ಇದನ್ನೆಲ್ಲ ಬಾಯಿಬಿಟ್ಟು ಹೇಳಿಕೊಳ್ಳುತ್ತೇವೆ. ನಿಲ್ಲಿಸುವ ತೀರ್ಮಾನ ಹೆಚ್ಚಿನ ಕಡೆ ಕ್ಯಾಪ್ಟನ್‌ದು. ಕೆಲವು ಏರ್‌ಲೈನ್‌ಗಳಲ್ಲಿ ಕೋ-ಪೈಲಟ್ ಕೂಡ ‘ಸ್ಟಾಪ್’ ಅನ್ನಬಹುದು. ವಿಮಾನ ಓಡಿಸುತ್ತಿರುವುದು ಕೋ-ಪೈಲಟ್ ಆದರೂ ಸಾಮಾನ್ಯವಾಗಿ ಥ್ರಸ್ಟ್ ಲಿವರ್ (ಎಂಜಿನ್ ಶಕ್ತಿ ಹೆಚ್ಚು ಕಡಿಮೆ ಮಾಡುವ ಹಿಡಿ) ಮೇಲೆ ಕ್ಯಾಪ್ಟನ್ ಕೈ ಇರುತ್ತದೆ. ‘ವಿ-ಒನ್’ ಅಂತ ಕೂಗಿದ ಕೂಡಲೇ ಆ ಕೈ ತೆಗೆಯಬೇಕು, ಅಭ್ಯಾಸಬಲದಿಂದ ಹಿಂದಕ್ಕೆ ಎಳೆದುಬಿಡಬಾರದು ಅಂತ. ಸಿಮ್ಯುಲೇಟರ್‌ನಲ್ಲಿ ಸರಿಯಾಗಿ ಆ ಗಳಿಗೆಗೇ ಎಂಜಿನ್ ಕೆಡಿಸಿ ನಮ್ಮನ್ನು ಪರೀಕ್ಷೆ ಮಾಡುತ್ತಾರೆ. ಎಷ್ಟು ವರ್ಷ ಹಾರಿಸಿದ್ದರೂ ಇದು ತಪ್ಪುವುದಿಲ್ಲ.

ಹಾಗಾದರೆ ಎಲ್ಲ ಮೊದಲೇ ನಿಶ್ಚಯ ಆಗಿದೆಯಲ್ಲ, ಇನ್ನೇನು ಕಷ್ಟ? ಕಷ್ಟ ಇರುವುದು ಅನುಮಾನದಲ್ಲಿ. ಎಂಜಿನ್‌ಗೆ ಬೆಂಕಿ ಬಿದ್ದರೆ ಗಂಟೆ ಹೊಡೆಯುತ್ತದೆ, ಕೆಂಪು ದೀಪ ಹತ್ತುತ್ತದೆ. ಏನೋ ಸರಿಯಿಲ್ಲ ಅಂತ ಒಬ್ಬರಿಗೆ ಮಾತ್ರ ಅನಿಸಿದರೆ?

1982ರ ಜನವರಿ 13. ವಾಷಿಂಗ್ಟನ್‌ನಲ್ಲಿ ಹಿಮ ಸುರಿಯುತ್ತಿತ್ತು. ಏರ್ ಫ್ಲೋರಿಡಾದ ಬೋಯಿಂಗ್ 737 ಹೊರಟಿತ್ತು. ಎಂಜಿನ್‌ಗೆ ಹಿಮ ಕಟ್ಟದಂತೆ ಬಿಸಿ ಮಾಡುವ ವ್ಯವಸ್ಥೆಯನ್ನು ಆನ್ ಮಾಡಿರಲಿಲ್ಲ. ಸೆನ್ಸರ್‌ಗೆ ಹಿಮ ಕಟ್ಟಿ, ಎಂಜಿನ್ ಕೊಡುತ್ತಿದ್ದದ್ದಕ್ಕಿಂತ ಜಾಸ್ತಿ ಶಕ್ತಿಯನ್ನು ಮೀಟರ್ ತೋರಿಸುತ್ತಿತ್ತು. ವಿಮಾನ ಓಡಿಸುತ್ತಿದ್ದ ಕೋ-ಪೈಲಟ್‌ಗೆ ಅದು ಕಣ್ಣಿಗೆ ಬಿತ್ತು. ‘ಇದು ಸರಿ ಕಾಣಿಸ್ತಿಲ್ಲ ಅಲ್ವಾ?’ ಅಂದರು. ‘ಸರಿ ಇದೆ, ಎಂಬತ್ತು ಬಂತು ನೋಡು’ ಅಂತ ಕ್ಯಾಪ್ಟನ್ ವೇಗ ಹೇಳಿದರು. ‘ಇಲ್ಲ, ಸರಿ ಇಲ್ಲ ಅನಿಸ್ತಿದೆ’ ಅಂದ ಕೋ-ಪೈಲಟ್, ಒಂದು ಗಳಿಗೆ ಬಿಟ್ಟು ‘ಇರಬಹುದೇನೋ’ ಅಂತ ಸುಮ್ಮನಾದರು. ಆಗಿನ್ನೂ ನಿಲ್ಲಿಸಬಹುದಿತ್ತು. ವಿಮಾನ ಮೇಲೆದ್ದು ಅರ್ಧ ನಿಮಿಷದಲ್ಲಿ ಸೇತುವೆಗೆ ಬಡಿದು ಪೊಟೊಮ್ಯಾಕ್ ನದಿಗೆ ಬಿತ್ತು. ಸೇತುವೆ ಮೇಲಿದ್ದ ನಾಲ್ವರೂ ಸೇರಿ 78 ಜನ ಸತ್ತರು.

ಆ ‘ಇರಬಹುದೇನೋ’ ಓದಿದಾಗಲೆಲ್ಲ ನನಗೆ ಹೊಟ್ಟೆ ಸಂಕಟ ಆಗುತ್ತದೆ. ಅವರಿಗೆ ಗೊತ್ತಿತ್ತು. ಹೇಳಿಯೂ ಹೇಳಿದರು. ಆದರೆ ಪ್ರಶ್ನೆಯ ಹಾಗೆ ಹೇಳಿದರು, ಮೇಲಿನವರು ಅಲ್ಲ ಅಂದ ಕೂಡಲೇ ಹಿಂದೆ ಸರಿದರು. ನಮ್ಮಲ್ಲಂತೂ ಕಿರಿಯರು ಪ್ರತಿ ಮಾತಿಗೂ ‘ಸರ್’ ಸೇರಿಸುತ್ತಾರೆ. ಸರ್ ಅನ್ನಲಿ, ತೊಂದರೆ ಇಲ್ಲ. ಆದರೆ ‘ಸರ್, ಇದು ಸ್ವಲ್ಪ ನೋಡ್ತೀರಾ’ ಅನ್ನುವುದು ಅಲ್ಲಿ ನಡೆಯುವುದಿಲ್ಲ. ಕಂಡದ್ದನ್ನು ಗಟ್ಟಿಯಾಗಿ, ಎರಡೇ ಪದದಲ್ಲಿ ಹೇಳಬೇಕು. ಜೊತೆಗೆ ಕೂತ ಕಿರಿಯರಿಗೆ ನಾನು ಪ್ರತಿ ಸಲ ಬ್ರೀಫಿಂಗ್‌ನಲ್ಲೇ ಹೇಳುತ್ತೇನೆ: ಅನುಮಾನ ಬಂದರೆ ಹೇಳಿಬಿಡಿ, ತಪ್ಪಾದರೂ ನಾನು ಬೈಯುವುದಿಲ್ಲ.

ಹಾರಿದ ಮೇಲೆ ಇದಕ್ಕೆ ತದ್ವಿರುದ್ಧ, ಅವಸರ ಮಾಡಬಾರದು. 2015ರ ಫೆಬ್ರವರಿ 4ರಂದು ತೈಪೆಯಲ್ಲಿ ಟ್ರಾನ್ಸ್‌ಏಷ್ಯಾದ ಎಟಿಆರ್ ವಿಮಾನ ಮೇಲೇರುವಾಗ ಎರಡನೇ ಎಂಜಿನ್ ಕೈಕೊಟ್ಟಿತು. ಕ್ಯಾಪ್ಟನ್ ಒಂದನೇ ಎಂಜಿನ್ನಿನ ಲಿವರ್ ಎಳೆಯಹೊರಟರು. ‘ತಡೀರಿ, ಕ್ರಾಸ್ ಚೆಕ್ ಮಾಡೋಣ’ ಅಂತ ಕೋ-ಪೈಲಟ್ ಹೇಳಿದ್ದು ದಾಖಲಾಗಿದೆ. ಆ ಮಾತು ನಡೆಯಲಿಲ್ಲ. ಕೆಲಸ ಮಾಡುತ್ತಿದ್ದ ಎಂಜಿನ್ನೇ ಆಫ್ ಆಯಿತು. 43 ಜನ ಹೋದರು. ಹೀಗಾಗಬಾರದು ಅಂತಲೇ, ಒಬ್ಬರು ಲಿವರ್ ಮೇಲೆ ಕೈಯಿಟ್ಟು ‘ಕನ್ಫರ್ಮ್?’ ಅಂತ ಕೇಳಬೇಕು, ಇನ್ನೊಬ್ಬರು ಕಣ್ಣಾರೆ ನೋಡಿ ‘ಕನ್ಫರ್ಮ್ಡ್’ ಅನ್ನಬೇಕು. ಅಲ್ಲಿಯವರೆಗೆ ಕೈ ಅಲ್ಲಾಡಿಸುವಂತಿಲ್ಲ.

ಇನ್ನು ನಿಮ್ಮ ವಿಮಾನ ರನ್‌ವೇಯಲ್ಲಿ ಓಡಿ ಓಡಿ ಗಕ್ಕನೆ ನಿಂತರೆ ಗಾಬರಿ ಆಗುವುದು ಸಹಜ. ಒಳಗೆ ಯಾರೋ ಒಬ್ಬರು ಏನೋ ನೋಡಿದ್ದಾರೆ, ಹೇಳಿದ್ದಾರೆ, ಇನ್ನೊಬ್ಬರು ಕೇಳಿದ್ದಾರೆ. ಆಮೇಲೆ ಕಾಯಿಸುತ್ತಾರೆ ಅಂತ ಗಗನಸಖಿಯರ ಮೇಲೆ ರೇಗಬೇಡಿ. ಬ್ರೇಕ್ ಕಾದು ಕೆಂಡ ಆಗಿರುತ್ತದೆ. ಅದು ತಣ್ಣಗಾಗಿ, ಎಂಜಿನಿಯರ್ ಬಂದು ನೋಡಿ ಸರಿ ಅನ್ನುವವರೆಗೆ ನಾವು ಮತ್ತೆ ಹೊರಡುವಂತಿಲ್ಲ.