ಸ್ಮಾರ್ಟ್ ಬೋರ್ಡ್ ಬಂದ ಮೇಲೆ ಮಕ್ಕಳು ಚೆನ್ನಾಗಿ ಕಲೀತಾರಾ ಮಿಸ್?

ಪೋಷಕರ ಸಭೆಗೆ ಬರುವ ತಾಯಂದಿರು, ಮದುವೆಮನೆಯಲ್ಲಿ ಸಿಗುವ ನೆಂಟರು, ತರಬೇತಿಯಲ್ಲಿ ಪಕ್ಕ ಕೂರುವ ಹೊಸ ಶಿಕ್ಷಕಿಯರು, ಎಲ್ಲರೂ ನನ್ನನ್ನು ಕೇಳುವುದು ಇದನ್ನೇ. ಪೀಣ್ಯದ ಕಡೆ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಹದಿನೇಳು ವರ್ಷದಿಂದ ಗಣಿತ, ವಿಜ್ಞಾನ ಹೇಳಿಕೊಡುತ್ತಿದ್ದೇನೆ. ನನ್ನ ಉತ್ತರ ಇಷ್ಟು. ಪರದೆ ಹಚ್ಚುವ ಮೊದಲು ಮಗು ತನ್ನ ನೋಟ್‌ಬುಕ್ಕಿನಲ್ಲಿ ಒಂದು ಊಹೆ ಬರೆದಿದ್ದರೆ ಕಲಿಯುತ್ತದೆ. ಬರೆಯದಿದ್ದರೆ ನೋಡಿ ಖುಷಿಪಡುತ್ತದೆ.

ಇದನ್ನು ನನಗೆ ಕಲಿಸಿದ್ದು ನೆರಳು.

ಬೆಂಗಳೂರಿನಲ್ಲಿ ವರ್ಷಕ್ಕೆ ಎರಡು ದಿನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಅದರ ಬುಡದಲ್ಲೇ ಅಡಗುತ್ತದೆ. ಏಪ್ರಿಲ್ 24ರ ಆಸುಪಾಸು ಒಮ್ಮೆ, ಆಗಸ್ಟ್ 18ರ ಆಸುಪಾಸು ಇನ್ನೊಮ್ಮೆ. ಏಪ್ರಿಲ್‌ನಲ್ಲಿ ಬಿಸಿಲು ಚೆನ್ನಾಗಿರುತ್ತದೆ, ಆದರೆ ಬೇಸಿಗೆ ರಜೆ. ಆಗಸ್ಟ್‌ನಲ್ಲಿ ಶಾಲೆ ಇರುತ್ತದೆ, ಮೋಡವೂ ಇರುತ್ತದೆ. ಹಾಗಾಗಿ ಮೊದಮೊದಲು ಪ್ರೊಜೆಕ್ಟರ್ ಹಾಕಿ ವಿಡಿಯೋ ತೋರಿಸಿಬಿಡುತ್ತಿದ್ದೆ. ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ವಾರ ಬಿಟ್ಟು ಕೇಳಿದರೆ, "ದಿನಾ ಹನ್ನೆರಡು ಗಂಟೆಗೆ ನೆರಳು ಇರಲ್ಲ ಮಿಸ್" ಅನ್ನುತ್ತಿದ್ದರು. ವಿಡಿಯೋಗೆ ಮುಂಚೆ ತಲೆಯಲ್ಲಿ ಏನಿತ್ತೋ ಆಮೇಲೂ ಅದೇ ಇತ್ತು. ಏನಿದೆ ಅಂತ ನಾನು ಮೊದಲೇ ಕೇಳಬೇಕಿತ್ತು, ಕೇಳಿರಲಿಲ್ಲ.

ಒಂದು ವರ್ಷ ಕ್ರಮ ಬದಲಿಸಿದೆ. ಆಗಸ್ಟ್ ಮೊದಲ ವಾರವೇ ಒಂಬತ್ತನೇ ತರಗತಿಯವರಿಗೆ, "ಒಂದು ಮೀಟರ್ ಕೋಲು ನಿಲ್ಲಿಸಿದ್ರೆ ಹನ್ನೆರಡು ಗಂಟೆಗೆ ನೆರಳು ಎಲ್ಲಿ ಬೀಳುತ್ತೆ, ಎಷ್ಟುದ್ದ ಇರುತ್ತೆ? ಚಿತ್ರ ಬರೀರಿ, ಪಕ್ಕದವರ ಪುಸ್ತಕ ನೋಡಬೇಡಿ" ಅಂದೆ. ನಲವತ್ತೆರಡು ಜನರಲ್ಲಿ ಮೂವತ್ತಕ್ಕೂ ಹೆಚ್ಚು ಮಕ್ಕಳು ನೆರಳೇ ಇಲ್ಲದ ಕೋಲು ಬರೆದರು. ಅಂಗಳಕ್ಕೆ ಹೋಗಿ ನೋಡಿದರೆ ಅರ್ಧ ಗೇಣಿಗಿಂತ ತುಸು ಹೆಚ್ಚೇ ನೆರಳು, ನೈಋತ್ಯಕ್ಕೆ ಮಲಗಿತ್ತು. ಒಬ್ಬ ಹುಡುಗಿ ಕೋಲು ವಾಲಿರಬೇಕು ಎಂದು ದಾರಕ್ಕೆ ಕಲ್ಲು ಕಟ್ಟಿ ಪರೀಕ್ಷೆ ಮಾಡಿದಳು. ವಾಲಿರಲಿಲ್ಲ. ಅವಳ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ತಾನು ಬರೆದದ್ದಕ್ಕೂ ಕಂಡದ್ದಕ್ಕೂ ತಾಳೆಯಾಗದಾಗ ಮಗುವಿನಲ್ಲಿ ಹುಟ್ಟುವ ಚಡಪಡಿಕೆ ಇದೆಯಲ್ಲ, ಪಾಠ ಶುರುವಾಗುವುದೇ ಅಲ್ಲಿಂದ.

18ರಂದು ಹನ್ನೆರಡು ಹೊಡೆದರೂ ಮೋಡ. 12:10ಕ್ಕೆ ಬಿಸಿಲು ಬಿತ್ತು. ಮೂರು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾ ಹೋದರು. ಗುರುತುಗಳು ಪಡುವಣದಿಂದ ಒಂದೊಂದಾಗಿ ಬುಡದ ಕಡೆ ಸರಿದವು. ನೆರಳು ಅಡಗಿದ್ದು 12:24ಕ್ಕೆ. "ಹನ್ನೆರಡಕ್ಕೆ ಯಾಕಿಲ್ಲ ಮಿಸ್?" ಎಂದು ಅವರೇ ಕೇಳಿದರು, ನಾನು ಬಾಯಿ ಬಿಟ್ಟಿರಲಿಲ್ಲ.

ಪರದೆ ಬೇಕಾದದ್ದು ಆಗ. ಯಾವ ಊರಿನ, ಯಾವ ದಿನದ ಆಕಾಶವನ್ನಾದರೂ ತೋರಿಸುವ ಸ್ಟೆಲೇರಿಯಂ ಎಂಬ ಉಚಿತ ತಂತ್ರಾಂಶ ತೆರೆದೆ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ, ಬೆಂಗಳೂರು ಇರುವುದು 77.6ರಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ಸೂರ್ಯ ನಮ್ಮ ನೆತ್ತಿಗೆ ಬರುವುದು ಸುಮಾರು ಇಪ್ಪತ್ತು ನಿಮಿಷ ತಡ. ಉಳಿದ ನಾಲ್ಕು ನಿಮಿಷಕ್ಕೆ ಭೂಮಿಯ ಕಕ್ಷೆ ಮತ್ತು ವಾಲಿಕೆ ಕಾರಣ, ಅದಕ್ಕೆ ಇನ್ನೊಂದು ಪೀರಿಯಡ್ ಹಿಡಿಯಿತು. ಊರನ್ನು ದೆಹಲಿಗೆ ಬದಲಿಸಿ ಇಡೀ ವರ್ಷ ಓಡಿಸಿದೆವು. ಅದು ಕರ್ಕಾಟಕ ಸಂಕ್ರಾಂತಿ ವೃತ್ತದ ಆಚೆ ಇರುವುದರಿಂದ ಅಲ್ಲಿ ಸೂರ್ಯ ನೆತ್ತಿಗೆ ಬರುವುದೇ ಇಲ್ಲ. "ಸಂಕ್ರಾಂತಿ ಸಂಜೆ ಗವಿಪುರದ ಗಂಗಾಧರೇಶ್ವರನ ಮೇಲೆ ಬಿಸಿಲು ಬೀಳೋದೂ ಇದೇ ಲೆಕ್ಕನಾ ಮಿಸ್?" ಎಂದು ಒಬ್ಬಳು ಕೇಳಿದಳು. ಹೌದು ಕಂದ, ಸೂರ್ಯ ಮುಳುಗುವ ಜಾಗವೂ ದಿನದಿನಕ್ಕೆ ಸರಿಯುತ್ತದೆ ಎಂದೆ. ಹಿಂದಿನ ಬೆಂಚಿನ ಹುಡುಗ, ಅವರಪ್ಪ ರಾಯಚೂರಿನ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು, ಕೈ ಎತ್ತಿದ. "ಮಿಸ್, ನಮ್ಮೂರಾಗ ಯಾವತ್ತ್ ಹೋಗ್ತದ್ರಿ ನೆರಳು?" ಅವನನ್ನೇ ಕರೆದು ಹುಡುಕಲು ಹೇಳಿದೆ. ಆಗಸ್ಟ್‌ನದ್ದು ಆಗಲೇ ದಾಟಿಹೋಗಿತ್ತು. ಮುಂದಿನದು ಮೇ ಮೊದಲ ವಾರ. ಬರೆದುಕೊಂಡ.

ಗಣಿತಕ್ಕೆ ನನಗೆ ಬೋರ್ಡಿಗಿಂತ ಮೊಬೈಲ್ ಕ್ಯಾಮೆರಾವೇ ಹೆಚ್ಚು ಉಪಯೋಗಕ್ಕೆ ಬಂದಿದೆ. ಮೂರು ಮತ್ತು ಎರಡನ್ನು ಕೂಡಿಸಿ ವರ್ಗ ಮಾಡಿ ಎಂದರೆ 9 ಕೂಡು 4, ಒಟ್ಟು 13 ಎಂದು ಬರೆಯುವವರು ಪ್ರತಿ ವರ್ಷ ಇರುತ್ತಾರೆ. ಆ ಪುಟದ ಫೋಟೋ ತೆಗೆದು, ಹೆಸರು ಕಾಣದ ಹಾಗೆ ಪರದೆಗೆ ಹಾಕುತ್ತೇನೆ. ಉತ್ತರ 25 ಆಗಬೇಕಲ್ಲ, ಉಳಿದ 12 ಎಲ್ಲಿ ಹೋಯಿತು? ಐದು ಮನೆ ಅಗಲ, ಐದು ಮನೆ ಉದ್ದದ ಚೌಕ ಬರೆದು ಹುಡುಕುತ್ತಾರೆ. ಬಿಟ್ಟುಹೋದ ಎರಡು ಆಯತ, ಆರಾರು ಮನೆಯವು, ಸಿಕ್ಕಿದಾಗ ತಪ್ಪು ಮಾಡಿದ ಮಗುವೇ ಎಲ್ಲರಿಗಿಂತ ಜೋರಾಗಿ ಕೂಗುತ್ತದೆ. ಅದು ಯಾರ ಪುಟ ಎಂದು ನಾನು ಯಾವತ್ತೂ ಹೇಳಿಲ್ಲ.

ವಿದ್ಯುತ್ ಪಾಠಕ್ಕೆ, ಪರದೆಯ ಮೇಲೇ ಪ್ರಯೋಗ ಮಾಡಿ ನೋಡಲು ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಇದೆ, ಕನ್ನಡದಲ್ಲೂ ಸಿಗುತ್ತದೆ, ಇಳಿಸಿಕೊಂಡರೆ ನೆಟ್ ಬೇಡ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸರ್ಕಾರದ ಪಾಠಗಳಿರುವ ದೀಕ್ಷಾ ತೆರೆಯುತ್ತದೆ. ಎಲ್ಲ ಒಳ್ಳೆಯವೇ. ನನ್ನ ಕ್ರಮ ಮಾತ್ರ ಒಂದೇ, ಮೊದಲು ಪೆನ್ನು.

2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿ, ಚಂದನ ಟಿವಿಯಲ್ಲಿ ಸಂವೇದ ಎಂಬ ಪಾಠ ಬರುತ್ತಿದ್ದಾಗ ಮನೆಗೊಂದೇ ಮೊಬೈಲು, ಅದೂ ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತಿತ್ತು. ರಾತ್ರಿ ಒಂಬತ್ತರ ಮೇಲೆ ವಾಟ್ಸಾಪ್‌ನಲ್ಲಿ ಉತ್ತರಗಳ ಫೋಟೋ ಬರುತ್ತಿದ್ದವು. ಎಲ್ಲವೂ ಸರಿ, ಎಲ್ಲವೂ ಒಂದೇ ಥರ. ಶಾಲೆ ತೆರೆದ ಮೇಲೆ ಕೇಳಿದರೆ ಗೊತ್ತಾಯಿತು, ಒಬ್ಬ ಬರೆದದ್ದನ್ನು ಇಪ್ಪತ್ತು ಜನ ಇಳಿಸಿದ್ದರು. ಆ ಮಕ್ಕಳನ್ನು ನಾನು ಬೈಯಲಿಲ್ಲ, ಉತ್ತರ ಮಾತ್ರ ಕೇಳುತ್ತಿದ್ದವಳು ನಾನೇ. ಅಂದಿನಿಂದ ಮನೆಗೆಲಸದಲ್ಲೂ "ನಿನಗೆ ಏನನ್ನಿಸುತ್ತೆ, ಯಾಕೆ?" ಎಂದು ಒಂದು ಸಾಲು ಸೇರಿಸುತ್ತೇನೆ. ಒಬ್ಬರ ಸಾಲಿನಂತೆ ಇನ್ನೊಬ್ಬರದ್ದು ಇರುವುದು ಕಡಿಮೆ.

ರಾಯಚೂರಿನ ಹುಡುಗ ಮುಂದಿನ ಬೇಸಿಗೆ ರಜೆಗೆ ಊರಿಗೆ ಹೋದ. ಮೇ ಮೊದಲ ವಾರ ಒಂದು ಮಧ್ಯಾಹ್ನ ಅವರಪ್ಪನ ನಂಬರಿನಿಂದ ಫೋಟೋ ಬಂತು. ಮನೆಯ ಮುಂದೆ ಒನಕೆ ನೆಟ್ಟಗೆ ನಿಂತಿದೆ, ಸುತ್ತ ಇದ್ದಿಲಿನ ಗುರುತು, ನೆರಳಿಲ್ಲ. ಕೆಳಗೆ ಒಂದು ಧ್ವನಿ ಸಂದೇಶ. "ಮಿಸ್, ನಾ 12:15 ಅಂತ ಬರ್ದಿದ್ದೆ. 12:17ಕ್ಕ ಹೋತ್ರಿ. ಎರಡ್ ನಿಮಿಷ ಯಾಕ್ ತಪ್ಪಿತು?"