ಕಂಟ್ರೋಲ್ ಚಿತ್ರ ಎಲ್ಲಿ?

ಕಲಬುರಗಿಯ ನಮ್ಮ ಲ್ಯಾಬಿನಲ್ಲಿ ಎಂಸಿಎಫ್-7 ಅನ್ನೋ ಸ್ತನ ಕ್ಯಾನ್ಸರ್ ಸೆಲ್‌ಗಳನ್ನು ಉಂಡೆ ಕಟ್ಟಿಸಿ ಬೆಳೆಸುತ್ತೇವೆ. 96 ಗುಳಿಗಳ (ವೆಲ್) ಪ್ಲೇಟಿನ ತಳಕ್ಕೆ ಅಗರೋಸ್ ಜೆಲ್ ಹಾಕಿದರೆ ಅವು ತಳ ಹಿಡಿಯುವುದಿಲ್ಲ, ಒಂದಕ್ಕೊಂದು ಅಂಟಿ ಸ್ಫೀರಾಯ್ಡ್ ಆಗುತ್ತವೆ. ಅಗಲ ಸುಮಾರು 400 ಮೈಕ್ರಾನ್, ಚಿರೋಟಿ ರವೆಯ ಒಂದು ಕಾಳಿನಷ್ಟು. ಡಿಶ್‌ನಲ್ಲಿ ಚಪ್ಪಟೆಯಾಗಿ ಹರಡಿದ ಸೆಲ್‌ಗೆ ಔಷಧ ಸಲೀಸಾಗಿ ಸಿಗುತ್ತದೆ. ಉಂಡೆಯ ನಡುವೆ ಇರುವ ಸೆಲ್‌ಗೆ ಹಾಗಲ್ಲ. ರೋಗಿಯ ಗಡ್ಡೆಯಲ್ಲೂ ಹೀಗೇ ಅಲ್ವಾ? ಅದಕ್ಕೇ ಇಷ್ಟೆಲ್ಲ ಕಷ್ಟ.

ಅವತ್ತು ಲ್ಯಾಬ್ ಮೀಟಿಂಗ್. ಸಂಜೆಗೆ ನಮ್ಮ ಕೆಲಸದ ಸಾರಾಂಶ, ಅಂದರೆ ಅಬ್‌ಸ್ಟ್ರ್ಯಾಕ್ಟ್ ಕಳಿಸಬೇಕಿತ್ತು. ಪರದೆ ಮೇಲೆ ಪ್ಯಾಕ್ಲಿಟ್ಯಾಕ್ಸೆಲ್ ಅನ್ನೋ ಕ್ಯಾನ್ಸರ್ ಔಷಧ ಕೊಟ್ಟ ಸ್ಫೀರಾಯ್ಡ್. ಸುತ್ತ ಹಸಿರು ಬಳೆ, ನಡುವೆ ಕಪ್ಪು ಗುಂಡಿ.

"ನೋಡ್ರಿ, ನಡುವಿನ ಸೆಲ್ ಎಲ್ಲಾ ಸತ್ತಾವ. ಇದೇ ಹಾಕೋಣ" ಅಂದರು ಸರ್.

ಎಲ್ಲರ ಮುಖ ಅರಳಿತು. ನನಗೆ ಮಾತ್ರ ಸಮಾಧಾನ ಆಗಲಿಲ್ಲ. ಬದುಕಿದ ಸೆಲ್‌ಗೆ ಕ್ಯಾಲ್ಸೀನ್ ಅನ್ನೋ ಡೈ ಹಸಿರು, ಸತ್ತದ್ದಕ್ಕೆ ಪಿಐ (ಪ್ರೊಪಿಡಿಯಂ ಅಯೋಡೈಡ್) ಡೈ ಕೆಂಪು. ಸತ್ತಿದ್ದರೆ ಅಲ್ಲಿ ಕೆಂಪು ಇರಬೇಕಿತ್ತು. ಕೆಂಪು ಚಾನೆಲ್‌ನಲ್ಲೂ ನಡುವೆ ಕಪ್ಪೇ. ಅದೂ ಅಲ್ಲದೆ ಔಷಧ ಹೊರಗಿನಿಂದ ಒಳಗೆ ಹೋಗುವಂಥದ್ದು, ಹೊರಗಿನ ಸೆಲ್ ಬಿಟ್ಟು ಒಳಗಿನದನ್ನು ಹೇಗೆ ಕೊಲ್ಲುತ್ತದೆ?

"ಸರ್, ಕಂಟ್ರೋಲ್ ಚಿತ್ರ ಒಮ್ಮೆ ತೋರಸ್ರಿ." ಕಂಟ್ರೋಲ್ ಅಂದರೆ ಹೋಲಿಸಿ ನೋಡಲು ಇಟ್ಟ, ಔಷಧ ಹಾಕದ ಸ್ಫೀರಾಯ್ಡ್.

ಪಿಎಚ್‌ಡಿ ಹುಡುಗಿ ತಲೆ ತಗ್ಗಿಸಿದಳು. "ಅದು ಬ್ಯಾರೆ ಗೇನ್‌ನಾಗ ತೆಗೆದೀನ್ರಿ ಅಕ್ಕಾ. ಮ್ಯಾಲಿನ ಪದರ ಅಷ್ಟೇ ಅದ." ಗೇನ್ ಅಂದರೆ ಮಂದ ಬೆಳಕನ್ನು ಮೈಕ್ರೋಸ್ಕೋಪ್ ಎಷ್ಟು ಹೆಚ್ಚಿಸಿ ತೋರಿಸಬೇಕು ಅನ್ನೋ ಸೆಟ್ಟಿಂಗ್.

ಸರ್ ಗಡಿಯಾರ ನೋಡಿದರು. ಯಾರೂ ಮಾತಾಡಲಿಲ್ಲ. ಕೊನೆಗೆ ಪಕ್ಕದ ಗುಂಪಿನವರನ್ನು ಕೇಳಿ ಅವರ ಕಾನ್‌ಫೋಕಲ್ ಮೈಕ್ರೋಸ್ಕೋಪಿನ ಸ್ಲಾಟ್ ತಗೊಂಡೆವು. ಅದೇ ಲೇಸರ್, ಅದೇ ಗೇನ್, ಔಷಧ ಹಾಕದ ಸ್ಫೀರಾಯ್ಡ್. ಝಡ್-ಸ್ಟ್ಯಾಕ್, ಅಂದರೆ ಪದರ ಪದರವಾಗಿ ಚಿತ್ರ ತೆಗೆಯುವುದು, ಕೆಳಗಿನಿಂದ ಶುರು ಆಯಿತು. ಮೊದಲ ಸ್ಲೈಸ್‌ಗಳಲ್ಲಿ ಒಂದೊಂದು ಸೆಲ್‌ನ ಅಂಚೂ ಸ್ಪಷ್ಟ. ಮೇಲೆ ಹೋದಂತೆ ನಡುಭಾಗ ಮಂಕಾಯಿತು. 100 ಮೈಕ್ರಾನ್ ದಾಟುವ ಹೊತ್ತಿಗೆ ಅಲ್ಲೂ ಅದೇ ಹಸಿರು ಬಳೆ, ಅದೇ ಕಪ್ಪು ಗುಂಡಿ.

ಕಾರಣ ಇಷ್ಟೇ. ಒತ್ತೊತ್ತಾಗಿರುವ ಸೆಲ್‌ಗಳಲ್ಲಿ ಬೆಳಕು ಚದುರಿಹೋಗುತ್ತದೆ. ಡೈ ಕೂಡ ಹೊರಗಿನ ಪದರಗಳಲ್ಲೇ ಜಾಸ್ತಿ ಉಳಿಯುತ್ತದೆ. ನಡುವೆ ಏನಿದೆ ಅಂತ ಆ ಚಿತ್ರ ಹೇಳುವುದೇ ಇಲ್ಲ.

ಆಮೇಲೆ ಎರಡನ್ನೂ ಕೆಡದಂತೆ ಫಿಕ್ಸ್ ಮಾಡಿ, ಹೆಪ್ಪುಗಟ್ಟಿದ ಮಾದರಿಯನ್ನು ತೆಳುವಾಗಿ ಕತ್ತರಿಸುವ ಯಂತ್ರವಾದ ಕ್ರಯೋಸ್ಟ್ಯಾಟ್‌ನಲ್ಲಿ 10 ಮೈಕ್ರಾನ್‌ಗೆ ಕತ್ತರಿಸಿ, ನ್ಯೂಕ್ಲಿಯಸ್‌ಗೆ ಬಣ್ಣ ಕೊಡುವ ಹೋಕ್ಸ್ಟ್ ಹಾಕಿದೆವು. ಕಂಟ್ರೋಲ್‌ನ ನಡುವೆ ನ್ಯೂಕ್ಲಿಯಸ್‌ಗಳು ದುಂಡಗೆ, ಇಡಿಯಾಗಿದ್ದವು. ಔಷಧ ಕೊಟ್ಟದ್ದರಲ್ಲಿ ಹೊರಗಿನ ಕೆಲವು ಸಾಲು ಚೂರುಚೂರು, ಒಳಗೆ ಎಲ್ಲ ಹಾಗೇ ಇತ್ತು. ಅಂದರೆ ಔಷಧದ ಪೆಟ್ಟು ನಡುವಿನವರೆಗೆ ಮುಟ್ಟಿಲ್ಲ. ಅಬ್‌ಸ್ಟ್ರ್ಯಾಕ್ಟ್‌ನಲ್ಲಿ ಇದಕ್ಕೆ ತದ್ವಿರುದ್ಧ ಬರೆಯಲು ಹೊರಟಿದ್ದೆವು. ಡೆಡ್‌ಲೈನ್ ತಪ್ಪಿತು. ಸರ್ ಮುನಿಸಿಕೊಂಡರು, ನನಗೂ ಬೇಜಾರಾಯಿತು. ಆದರೂ ಇನ್ನೊಮ್ಮೆ ಹೀಗಾದರೆ ಇದನ್ನೇ ಕೇಳುತ್ತೇನೆ.

ಈಗ ಕಂಟ್ರೋಲನ್ನೇ ಮೊದಲು ಇಮೇಜ್ ಮಾಡಿ, ಅದೇ ಸೆಟ್ಟಿಂಗ್ ಉಳಿದವಕ್ಕೂ ಹಾಕುತ್ತೇವೆ. ಉಂಡೆ 500 ಮೈಕ್ರಾನ್ ದಾಟಿದರೆ ಆಮ್ಲಜನಕ ಸಾಲದೆ ನಡುವಿನ ಸೆಲ್ ನಿಜವಾಗಿಯೂ ಸಾಯಬಹುದು. ಹಾಗಾಗಿ ಕತ್ತರಿಸಿ ನೋಡುವುದನ್ನು (ಸೆಕ್ಷನ್) ಬಿಡುವಂತಿಲ್ಲ. ಅಷ್ಟು ದುಡ್ಡು ಸುರಿದು ಮೈಕ್ರೋಸ್ಕೋಪ್ ತಂದವರು ಕ್ರಯೋಸ್ಟ್ಯಾಟ್‌ಗೆ ಜನರೇಟರ್ ಲೈನ್ ಎಳೆಸಿಲ್ಲ. ನಮ್ಮೂರ ಏಪ್ರಿಲ್ ಬಿಸಿಲಲ್ಲಿ ಕರೆಂಟ್ ಹೋದರೆ ಮೈನಸ್ 20 ಡಿಗ್ರಿಯಲ್ಲಿಟ್ಟ ಸ್ಫೀರಾಯ್ಡ್ ಹುದುಗಿಸಿದ ಬ್ಲಾಕ್ ಕರಗಿಹೋಗುತ್ತದೆ. ಪತ್ರ ಬರೆದಿದ್ದೇವೆ, ಇನ್ನೂ ಫೈಲ್‌ನಲ್ಲೇ ಇದೆ.