ಮಾವನ ಕಂಪ್ಯೂಟರಿಗೆ ಸ್ವರ ಹೋದದ್ದು

ಹೋದ ತಿಂಗಳು ಒಂದು ಶುಕ್ರವಾರ ಬೆಳಿಗ್ಗೆ ಉಡುಪಿಯಿಂದ ಮಾವನ ಫೋನ್. "ಮಾಣಿ, ಕಂಪ್ಯೂಟರಿಗೆ ಸ್ವರ ಹೋಗಿದೆ."

ಸ್ಪೀಕರ್ ಢಮಾರ್ ಆಯ್ತು ಅಂತ ನಾನು ಎಣಿಸಿದೆ. ಅಲ್ವಂತೆ. "ಸ್ಪೀಕರ್ ಸಮ ಉಂಟು ಮಾರಾಯ, ಯಕ್ಷಗಾನ ಹಾಕಿದ್ರೆ ಚೆಂಡೆ ಲಾಯ್ಕ ಕೇಳ್ತದೆ, ಬೆಳಿಗ್ಗೆ ಆನ್ ಮಾಡುವಾಗ ಒಂದು ಬರ್ತಿತ್ತಲ್ಲ, ಅದು ಬರುದಿಲ್ಲ." ಹಾಗೆ ಹೇಳಿ ಆ ಶಬ್ದವನ್ನ ಬಾಯಲ್ಲೇ ಮಾಡಿ ತೋರಿಸಿದ್ರು, ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೂ ಕೇಳುವ ಹಾಗೆ. ವಿಂಡೋಸ್ ಏಳರ ಸ್ಟಾರ್ಟಪ್ ಸೌಂಡ್, ಡೌಟೇ ಇಲ್ಲ.

ಇಷ್ಟಕ್ಕೆ ಫೋನಾ ಅಂತ ನನಗೂ ಅನ್ನಿಸಿತು, ಆದ್ರೆ ಮಾವನ ಬೆಳಿಗ್ಗೆ ನೋಡಿದವರಿಗೆ ಗೊತ್ತು. ರಥಬೀದಿ ಹತ್ತಿರ ಒಂದು ಗಲ್ಲಿಯಲ್ಲಿ ಅವರ್ದು ಸಣ್ಣ ಝೆರಾಕ್ಸ್ ಮತ್ತೆ ಡಿಟಿಪಿ ಅಂಗಡಿ, ಮದುವೆ ಕಾಗದ, ನೇಮದ ಆಮಂತ್ರಣ, ಯಕ್ಷಗಾನ ಆಟದ ಹ್ಯಾಂಡ್‌ಬಿಲ್, ಯಾರಾದ್ರೂ ಬಂದ್ರೆ ಆರ್‌ಟಿಸಿ ಪ್ರಿಂಟ್. ಶಟರ್ ಎತ್ತಿ ಮೊದಲು ಮಾಡುದು ಸಿಪಿಯು ಬಟನ್ ಒತ್ತುದು, ಆಮೇಲೆ ಕಂಪ್ಯೂಟರ್ ಕಡೆ ತಿರುಗಿಯೂ ನೋಡುದಿಲ್ಲ, ಹಿಡಿಸೂಡಿ ಹಿಡ್ಕೊಂಡು ಹೊರಗೆ ಹೋಗಿ ಗುಡಿಸಿ, ನೀರು ಹಾಕಿ, ಕೈ ತೊಳೆದು, ಕೃಷ್ಣನ ಫೋಟೋಗೆ ದೀಪ ಹಚ್ಚಿ, ಊದುಬತ್ತಿ ತಿರುಗಿಸುವಾಗ ಒಳಗಿಂದ ಆ ಶಬ್ದ ಬರ್ಬೇಕು. ಬಂತು ಅಂದ್ರೆ ಬಂದು ಕೂರುದು. ಮಾನಿಟರ್ ಬೇರೆ ಅವರು ರಾತ್ರಿ ಅದರ ಬಟನಿನಲ್ಲೇ ಆಫ್ ಮಾಡಿ ಹೋಗ್ತಾರೆ, ಹಾಗಾಗಿ ಬೆಳಿಗ್ಗೆ ಪರದೆ ಕಪ್ಪು, ಸಿಪಿಯು ಟೇಬಲ್ ಅಡಿಯಲ್ಲಿ. ಶಬ್ದ ಇಲ್ಲ ಅಂದ್ರೆ ಅವರ ಲೆಕ್ಕದಲ್ಲಿ ಅದು ಆನ್ ಆಗ್ಲಿಲ್ಲ, ತಿರ್ಗಾ ಬಟನ್ ಒತ್ತುದು, ಒತ್ತಿದ ಕೂಡ್ಲೇ ಆನ್ ಆಗಿದ್ದದ್ದು ಆಫ್. ಮತ್ತೆ ಒತ್ತುದು. ಗಿರಾಕಿ ಆಧಾರ್ ಕಾರ್ಡ್ ಹಿಡ್ಕೊಂಡು ನಿಂತಿರುದು. ಮಂಡೆ ಬಿಸಿ ಆಗುದಿಲ್ವಾ ಹೇಳಿ.

ವಿಷಯ ಎಂತ ಅಂದ್ರೆ ಅವರ ಹಳೇ ಕಂಪ್ಯೂಟರ್ ಕಳೆದ ಮಳೆಗಾಲದಲ್ಲಿ ಸತ್ತಿತ್ತು. ನಮ್ಮ ಕರಾವಳಿ ಹವೆಗೆ ಕಂಪ್ಯೂಟರ್ ಬಾಳಿಕೆ ಬರುದೇ ಕಷ್ಟ, ಮಳೆ ಶುರುವಾದ್ರೆ ರ‍್ಯಾಮ್ ಕಾಲುಗಳಿಗೆ ತೇವ ಹಿಡಿದು ಬೀಪ್ ಬೀಪ್ ಅಂತ ಅಳುದು, ಪೆನ್ಸಿಲ್ ರಬ್ಬರಿನಲ್ಲಿ ಉಜ್ಜಿ ಹಾಕಿದ್ರೆ ಸರಿ ಆಗುದು, ಎರಡು ಮಳೆಗಾಲ ಹಾಗೆ ದೂಡಿದ್ದು, ಮೂರನೇದಕ್ಕೆ ಮದರ್‌ಬೋರ್ಡೇ ಹೋಯ್ತು. ಮತ್ತೆ ಒಂದು ಸೆಕೆಂಡ್ ಹ್ಯಾಂಡ್ ತಗೊಂಡದ್ದು, ಅದ್ರಲ್ಲಿ ವಿಂಡೋಸ್ ಹತ್ತು. ಅದಕ್ಕೂ ಮೈಕ್ರೋಸಾಫ್ಟಿನವರು 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ನಿಲ್ಲಿಸಿ ಆಯ್ತು, ಹನ್ನೊಂದು ಹಾಕುವ ಅಂದ್ರೆ ಪ್ರೊಸೆಸರ್ ಹಳತು ಆಗುದಿಲ್ಲ ಅಂತ ಹೇಳ್ತದೆ. ಅದು ಬೇರೆ ರಗಳೆ, ಇವತ್ತು ಬೇಡ.

ಫೋನಲ್ಲಿ ಹೇಳಿ ಪ್ರಯೋಜನ ಇಲ್ಲ ಅಂತ ಮರುದಿನ ಶನಿವಾರ ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಎಕ್ಸ್‌ಪ್ರೆಸ್ ಬಸ್ ಹತ್ತಿದೆ. ಅತ್ತೆ ಬನ್ಸ್ ಮಾಡ್ತೇನೆ ಅಂದಿದ್ರು, ಅದೂ ಒಂದು ಕಾರಣ ಅನ್ನಿ.

ಹೋಗಿ ನೋಡಿದ್ರೆ ಮೊದಲನೇ ಕಾರಣ ಎದುರಿಗೇ ಉಂಟು. ವಿಂಡೋಸ್ ಎಂಟು ಬಂದದ್ದು 2012ರಲ್ಲಿ, ಆವಾಗಿಂದ ಈ ಸ್ಟಾರ್ಟಪ್ ಸೌಂಡನ್ನ ಆಫ್ ಮಾಡಿಯೇ ಕೊಡ್ಲಿಕ್ಕೆ ಶುರು ಮಾಡಿದ್ರು, ಹತ್ತರಲ್ಲೂ ಹಾಗೇ. ಹನ್ನೊಂದರಲ್ಲಿ ವಾಪಸ್ ತಂದಿದ್ದಾರೆ, ಆದ್ರೆ ಶಬ್ದ ಬೇರೆ. ತಮಾಷೆ ಎಂತ ಅಂದ್ರೆ ಹತ್ತರಲ್ಲಿ ಶಬ್ದ ತೆಗ್ದು ಬಿಸಾಡ್ಲಿಲ್ಲ, ವಿಂಡೋಸ್ ವಿಸ್ತಾದಲ್ಲಿ, ಏಳರಲ್ಲಿ ಇದ್ದ ಅದೇ ನಾಲ್ಕು ಸೆಕೆಂಡಿನ ಶಬ್ದ ಒಳಗೆ ಇಮೇಜ್‌ರೆಸ್ ಅನ್ನುವ ಡಿಎಲ್‌ಎಲ್ ಫೈಲಲ್ಲಿ ಕೂತಿದೆ, ಬಾಯಿ ಮಾತ್ರ ಮುಚ್ಚಿದ್ದು. ಸರ್ಚಿನಲ್ಲಿ ಚೇಂಜ್ ಸಿಸ್ಟಮ್ ಸೌಂಡ್ಸ್ ಅಂತ ಹೊಡೆದ್ರೆ ಒಂದು ಹಳೇ ಕಾಲದ ಕಿಟಕಿ ತೆರೀತದೆ, ಅದರ ಕೆಳಗೆ ಪ್ಲೇ ವಿಂಡೋಸ್ ಸ್ಟಾರ್ಟಪ್ ಸೌಂಡ್ ಅಂತ ಒಂದು ಸಣ್ಣ ಚೌಕ ಉಂಟು. ಟಿಕ್ ಇರ್ಲಿಲ್ಲ. ಹಾಕಿದೆ, ಅಪ್ಲೈ ಕೊಟ್ಟೆ, ರೀಸ್ಟಾರ್ಟ್ ಮಾಡಿದೆ.

ಬಂತು! ಮಾವ ಹೊರಗೆ ಯಾರ ಹತ್ರವೋ ಮಾತಾಡ್ತಿದ್ದವರು ಅರ್ಧಕ್ಕೆ ಬಿಟ್ಟು ಒಳಗೆ ಬಂದ್ರು. "ಇದೇ! ಇದೇ!"

ಅಲ್ಲಿಗೇ ಬ್ಯಾಗ್ ಹೆಗಲಿಗೆ ಹಾಕಿದ್ರೆ ಈ ಪೋಸ್ಟ್ ಇರ್ತಿರ್ಲಿಲ್ಲ. ಆದ್ರೆ ಮಾವ ಹುಷಾರು, ಅವರು ಕೇಳಿದ್ರು, "ನಾನು ರೀಸ್ಟಾರ್ಟ್ ಎಲ್ಲಿ ಮಾಡ್ತೇನೆ, ನಾನು ರಾತ್ರಿ ಶಟ್‌ಡೌನ್ ಮಾಡುದಲ್ವಾ, ಹಾಗೆ ಮಾಡಿ ತೋರಿಸು." ಸರಿ ಅಂತ ಶಟ್‌ಡೌನ್ ಮಾಡಿ ಇಬ್ರೂ ಚಾ ಕುಡಿದು ಬಂದೆವು, ಆ ಹೋಟೆಲಿನಲ್ಲಿ ಗೋಳಿಬಜೆ ಆಗಷ್ಟೇ ಎಣ್ಣೆಯಿಂದ ತೆಗ್ದಿದ್ರು, ಹಾಗಾಗಿ ಸ್ವಲ್ಪ ಲೇಟಾಯ್ತು. ಬಂದು ಬಟನ್ ಒತ್ತಿದ್ರೆ ಮೌನ. ಡೆಸ್ಕ್‌ಟಾಪ್ ಬಂತು, ಶಬ್ದ ಇಲ್ಲ. ಮಾವ ಎಂತದೂ ಹೇಳ್ಲಿಲ್ಲ, ನನ್ನ ಮುಖ ನೋಡಿದ್ರು ಅಷ್ಟೇ.

ರೀಸ್ಟಾರ್ಟ್ ಮಾಡಿದ್ರೆ ಬರ್ತದೆ, ಶಟ್‌ಡೌನ್ ಮಾಡಿ ಆನ್ ಮಾಡಿದ್ರೆ ಬರುದಿಲ್ಲ. ಇದೆಂತ ಕರ್ಮ ಅಂತ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್‌ನಲ್ಲಿ ಸಿಪಿಯು ಒತ್ತಿ ನೋಡಿದೆ, ಅಲ್ಲಿ ಕೆಳಗೆ ಅಪ್ ಟೈಮ್ ಅಂತ ಉಂಟು, ಕಂಪ್ಯೂಟರ್ ಎದ್ದು ಎಷ್ಟು ಹೊತ್ತಾಯ್ತು ಅಂತ. ನಾವು ಆನ್ ಮಾಡಿ ಎರಡು ನಿಮಿಷ ಆಗಿರ್ಲಿಕ್ಕಿಲ್ಲ, ಅದು ತೋರಿಸ್ತಿದ್ದದ್ದು 47 ನಿಮಿಷ. ಅಂದ್ರೆ ನಾವು ಗೋಳಿಬಜೆ ತಿಂದ ಹೊತ್ತೂ ಅದರ ಲೆಕ್ಕದಲ್ಲಿ ಉಂಟು! ಮಾವನಿಗೆ ತೋರಿಸಿದೆ. "ಹಾಗಾದ್ರೆ ರಾತ್ರಿ ಇಡೀ ಇದು ಮಲಗಿದ ಹಾಗೆ ನಾಟಕ ಮಾಡುದಾ?"

ಹೆಚ್ಚುಕಮ್ಮಿ ಹೌದು. ಇದಕ್ಕೆ ಫಾಸ್ಟ್ ಸ್ಟಾರ್ಟಪ್ ಅಂತ ಹೆಸರು, ಇದೂ ವಿಂಡೋಸ್ ಎಂಟರ ಜೊತೆ ಬಂದದ್ದು. ಶಟ್‌ಡೌನ್ ಕೊಟ್ರೆ ನಾವು ತೆರೆದದ್ದೆಲ್ಲ ಮುಚ್ಚಿ ಲಾಗೌಟ್ ಮಾಡ್ತದೆ, ಆದ್ರೆ ಒಳಗಿನ ಕರ್ನಲ್, ಅಂದ್ರೆ ವಿಂಡೋಸಿನ ತಿರುಳು ಭಾಗವನ್ನ ಪೂರ್ತಿ ಮುಗಿಸುದಿಲ್ಲ, ಇದ್ದ ಹಾಗೇ ಡಿಸ್ಕಿನಲ್ಲಿ ಒಂದು ಫೈಲಿಗೆ ಬರೆದಿಟ್ಟು ಕರೆಂಟ್ ಕಟ್ ಮಾಡ್ತದೆ, ಮರುದಿನ ಹೊಸದಾಗಿ ಏಳುದರ ಬದಲು ಆ ಫೈಲನ್ನ ಓದಿ ನಿನ್ನೆ ಬಿಟ್ಟಲ್ಲಿಂದ ಮುಂದುವರಿತದೆ. ಕರೆಂಟ್ ಪೂರ್ತಿ ಹೋಗಿರ್ತದೆ, ಹಾಗಾಗಿ ನಾಟಕ ಅಂತ ಹೇಳ್ಲಿಕ್ಕೆ ಆಗುದಿಲ್ಲ, ಅಡಿಗೆ ಮನೆಯಲ್ಲಿ ರಾತ್ರಿಯೇ ಅಕ್ಕಿ ಕಡೆದು ಇಟ್ಟ ಹಾಗೆ, ಬೆಳಿಗ್ಗೆ ಕಾವಲಿ ಇಟ್ಟು ಹೊಯ್ಯುದು ಮಾತ್ರ. ಪೂರ್ತಿ ಬೂಟ್ ಆಗುದಿಲ್ಲ, ಹತ್ತರಲ್ಲಿ ಆ ಶಬ್ದವೂ ತಪ್ಪಿ ಹೋಗ್ತದೆ. ರೀಸ್ಟಾರ್ಟ್ ಮಾಡುವಾಗ ಮಾತ್ರ ನಿಜವಾಗಿ ಎಲ್ಲ ಮುಗಿಸಿ ಹೊಸದಾಗಿ ಶುರು ಆಗುದು. ಹಾಗೆ ನೋಡಿದ್ರೆ ಕಂಪ್ಯೂಟರಲ್ಲಿ ಎಂತ ತೊಂದರೆ ಆದ್ರೂ ಎಲ್ರೂ ಆಫ್ ಮಾಡಿ ಆನ್ ಮಾಡಿ ಅಂತ ಹೇಳುದುಂಟಲ್ಲ, ಈ ಸೆಟ್ಟಿಂಗ್ ಇದ್ರೆ ಅದು ಪೊಕ್ಕಡೆ, ರೀಸ್ಟಾರ್ಟೇ ಮಾಡ್ಬೇಕು.

ಕಂಟ್ರೋಲ್ ಪ್ಯಾನಲ್‌ಗೆ ಹೋಗಿ ಪವರ್ ಆಪ್ಷನ್ಸ್, ಅಲ್ಲಿ ಎಡಗಡೆ ಚೂಸ್ ವಾಟ್ ದ ಪವರ್ ಬಟನ್ಸ್ ಡೂ, ಅದ್ರ ಒಳಗೆ ಹೋದ್ರೆ ಟಿಕ್ ತೆಗೀಲಿಕ್ಕೆ ಬಿಡುದಿಲ್ಲ, ಬೂದು ಬಣ್ಣದಲ್ಲಿ ಇರ್ತದೆ, ಮೇಲೆ ಚೇಂಜ್ ಸೆಟ್ಟಿಂಗ್ಸ್ ದಟ್ ಆರ್ ಕರೆಂಟ್ಲಿ ಅನ್‌ಅವೈಲಬಲ್ ಅಂತ ನೀಲಿ ಅಕ್ಷರ ಒತ್ತಿದ ಮೇಲೇ ಸಿಕ್ಕುದು. ಟರ್ನ್ ಆನ್ ಫಾಸ್ಟ್ ಸ್ಟಾರ್ಟಪ್ ಟಿಕ್ ತೆಗ್ದೆ, ಸೇವ್ ಮಾಡಿದೆ. ಅದೇ ಪೇಜಿನಲ್ಲಿ ಪವರ್ ಬಟನ್ ಒತ್ತಿದ್ರೆ ಎಂತ ಆಗ್ಬೇಕು ಅಂತಲೂ ಉಂಟು, ಅದನ್ನ ಡೂ ನಥಿಂಗ್ ಮಾಡಿ ಇಟ್ಟೆ, ಇನ್ನು ಮಾವ ಎರಡು ಸಲ ಒತ್ತಿದ್ರೂ ಆಫ್ ಆಗ್ಬಾರ್ದು ಅಂತ. (ಒಂದೇ ಸಲಕ್ಕೆ ಪೂರ್ತಿ ಶಟ್‌ಡೌನ್ ಬೇಕಾದ್ರೆ ಶಿಫ್ಟ್ ಒತ್ತಿ ಹಿಡಿದು ಶಟ್‌ಡೌನ್ ಕ್ಲಿಕ್ ಮಾಡಿದ್ರೂ ಆಗ್ತದೆ, ಮಾವನಿಗೆ ಅದು ಹೇಳ್ಲಿಕ್ಕೆ ಹೋಗ್ಲಿಲ್ಲ.)

ಶಟ್‌ಡೌನ್, ಆನ್. ಬಂತು. ಇನ್ನೊಂದ್ಸಲ. ಬಂತು.

ಗೆದ್ದ ಖುಷಿಯಲ್ಲಿ ನಾನು ಮಾವನಿಗೆ ಸ್ವಲ್ಪ ಕೊರೆದೆ, ವಿಂಡೋಸ್ 95ರ ಶಬ್ದ ಮಾಡಿದ್ದು ಬ್ರಯಾನ್ ಈನೊ ಅಂತ ದೊಡ್ಡ ಮ್ಯೂಸಿಷಿಯನ್, ಆ ಒಂದು ತುಣುಕಿಗೆ 84 ತುಣುಕು ಮಾಡಿದ್ದಂತೆ, ಅದೂ ಮ್ಯಾಕ್ ಕಂಪ್ಯೂಟರಿನಲ್ಲಿ ಮಾಡಿದ್ದು ಅಂತ ಅವರೇ ಹೇಳಿದ್ದಾರೆ, ಈಗ ನೀವು ಕೇಳಿದ್ದಕ್ಕೆ ರಾಬರ್ಟ್ ಫ್ರಿಪ್ ಅಂತ ಗಿಟಾರ್ ಬಾರಿಸುವವರು ಕೈ ಹಾಕಿದ್ದಾರೆ ಅಂತೆಲ್ಲ. ಮಾವ ಪೂರ್ತಿ ಕೇಳಿ, "ಮದುವೆ ಕಾಗದಕ್ಕೆ ಗಣಪತಿ ಆರಿಸ್ಲಿಕ್ಕೆ ನಮ್ಮಲ್ಲಿ ಜನ ಅಷ್ಟೇ ಸಲ ಬದಲಿಸ್ತಾರೆ" ಅಂದ್ರು.

ಸೋಮವಾರ ಬೆಳಿಗ್ಗೆ ಎಂಟೂವರೆಗೆ ಫೋನ್. ನೋಡುವಾಗಲೇ ಗೊತ್ತಾಯ್ತು. "ಬರ್ಲಿಲ್ಲ ಮಾಣಿ."

ಸತ್ಯ ಹೇಳ್ತೇನೆ, ಅರ್ಧ ಗಂಟೆ ನಾನು ಇಲ್ಲದ್ದೆಲ್ಲ ಯೋಚನೆ ಮಾಡಿದೆ. ಅಪ್‌ಡೇಟ್ ಆಗಿ ಫಾಸ್ಟ್ ಸ್ಟಾರ್ಟಪ್ ತಿರ್ಗಾ ಆನ್ ಆಯ್ತಾ, ಸೌಂಡ್ ಡ್ರೈವರಾ, ಇಲ್ಲ ಎಚ್‌ಡಿಎಂಐ ಕೇಬಲ್ಲಿನ ಕಥೆಯಾ. ನಮ್ಮ ಕೊಟ್ಟಾರದ ಮನೆಯಲ್ಲಿ ಹಾಗೆ ಆಗಿತ್ತು, ಹೊಸ ಮಾನಿಟರ್ ಎಚ್‌ಡಿಎಂಐಗೆ ಹಾಕಿದ ಕೂಡ್ಲೇ ಕಂಪ್ಯೂಟರ್ ಶಬ್ದವನ್ನೆಲ್ಲ ಮಾನಿಟರಿಗೆ ಕಳಿಸ್ಲಿಕ್ಕೆ ಶುರು ಮಾಡಿತ್ತು, ಆ ಮಾನಿಟರಿಗೆ ಸ್ಪೀಕರೇ ಇಲ್ಲ. ಆದ್ರೆ ಮಾವನಲ್ಲಿ ಯಕ್ಷಗಾನ ಕೇಳ್ತದಲ್ಲ, ಹಾಗಾಗಿ ಅದಲ್ಲ. ಕೊನೆಗೆ ಸೋತು, "ಮಾವ, ನೀವು ಬೆಳಿಗ್ಗೆ ಬಂದು ಯಾವ ಯಾವ ಸ್ವಿಚ್ ಹಾಕ್ತೀರಿ, ಒಂದೊಂದೇ ಹೇಳಿ" ಅಂದೆ.

"ಲೈಟ್, ಫ್ಯಾನ್, ಯುಪಿಎಸ್, ಸಿಪಿಯು."

"ಸ್ಪೀಕರ್?"

"ಅದು ಪ್ರಿಂಟರಿನ ಒಟ್ಟಿಗೆ ಅಲ್ವಾ, ಮೊದಲನೇ ಗಿರಾಕಿ ಬಂದ ಮೇಲೆ ಹಾಕುದು. ಕರೆಂಟ್ ಬಿಲ್ ಯಾರು ಕೊಡುದು?"

ಅಯ್ಯೋ ದೇವ್ರೇ.

ಆದದ್ದಿಷ್ಟು. ಮೊದಲು ಎಲ್ಲ ಯುಪಿಎಸ್‌ಗೇ ಹಾಕಿದ್ದು. ಹೊಸ ಕಂಪ್ಯೂಟರ್ ಬಂದಾಗ ವೈರಿಂಗಿನವರು ಬಂದು, ಲೇಸರ್ ಪ್ರಿಂಟರನ್ನ ಯುಪಿಎಸ್‌ಗೆ ಹಾಕ್ಬಾರ್ದು ಅಂತ ತೆಗ್ದು ಬೇರೆ ಬೋರ್ಡಿಗೆ ಕೊಟ್ಟಿದ್ದಾರೆ. ಅದು ಸರಿಯೇ, ಟೋನರ್ ಪುಡಿಯನ್ನ ಕಾಗದಕ್ಕೆ ಬಿಸಿ ಮಾಡಿ ಅಂಟಿಸುವ ಫ್ಯೂಸರ್ ಅಂತ ಒಂದು ಉಂಟು ಅದ್ರೊಳಗೆ, ಅದು ಒಮ್ಮೆಲೇ ಕರೆಂಟ್ ಎಳೆಯುವಾಗ ಸಣ್ಣ ಯುಪಿಎಸ್ ತಡೆಯುದಿಲ್ಲ, ಕೂಗ್ತದೆ. ಆದ್ರೆ ಪ್ರಿಂಟರಿನ ವೈರಿನ ಒಟ್ಟಿಗೆ ಸ್ಪೀಕರಿನ ವೈರೂ ಸುತ್ತಿಕೊಂಡಿತ್ತು, ಎರಡನ್ನೂ ಆಚೆ ಬೋರ್ಡಿಗೆ ಹಾಕಿ ಹೋಗಿದ್ದಾರೆ. ಬೆಳಿಗ್ಗೆ ಶಬ್ದ ಬರುವ ನಾಲ್ಕು ಸೆಕೆಂಡ್ ಸ್ಪೀಕರಿಗೆ ಕರೆಂಟೇ ಇಲ್ಲ. ನಾನು ಶನಿವಾರ ಹೋದದ್ದು ಹನ್ನೊಂದು ಗಂಟೆಗೆ, ಅಷ್ಟೊತ್ತಿಗೆ ಪ್ರಿಂಟರ್, ಸ್ಪೀಕರ್ ಎಲ್ಲ ಆನ್ ಆಗಿತ್ತು, ನನಗೆ ಹೇಗೆ ಗೊತ್ತಾಗ್ಬೇಕು.

ಫೋನಲ್ಲೇ ಹೇಳಿ ಪ್ಲಗ್ ಬದಲಿಸಿದ್ದು. ಎರಡು ನಿಮಿಷದ ಕೆಲಸ. ಪಕ್ಕದ ಅಂಗಡಿ ಹುಡುಗ ಬ್ಲೂಟೂತ್ ಸ್ಪೀಕರ್ ತಗೊಳ್ಳಿ ಅಂತ ಐಡಿಯಾ ಕೊಟ್ಟಿದ್ದಂತೆ, ನಾನು ಬೇಡ ಅಂದೆ, ಅದು ಕನೆಕ್ಟ್ ಆಗುವಷ್ಟರಲ್ಲಿ ಶಬ್ದ ಮುಗಿದು ಹೋಗಿರ್ತದೆ.

ಮಂಗಳವಾರ ಫೋನ್ ಇಲ್ಲ. ಬುಧವಾರ ನಾನೇ ಮಾಡಿದೆ. ಬರ್ತದಂತೆ, ದಿನಾ ಬರ್ತದಂತೆ, ಆದ್ರೆ ಸ್ವರದಲ್ಲಿ ಖುಷಿ ಕಾಣ್ಲಿಲ್ಲ. ಎಂತ ಮಾವ ಅಂತ ಕೇಳಿದೆ.

"ಅಲ್ಲ ಮಾರಾಯ, ಇದ್ರಲ್ಲಿ ಎಂತದೋ ಎಸ್‌ಎಸ್‌ಡಿ ಅಂತೆ, ನಾನು ಹಿಡಿಸೂಡಿ ತೆಗೆಯುವ ಮೊದಲೇ ಬಾರಿಸಿ ಆಗಿರ್ತದೆ. ದೀಪ ಹಚ್ಚುವವರೆಗೆ ತಡೆಯುವ ಹಾಗೆ ಸ್ವಲ್ಪ ಸ್ಲೋ ಮಾಡಿ ಕೊಡ್ಲಿಕ್ಕೆ ಆಗ್ತದಾ ನೋಡು."